ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ? ಚಿತ್ರ ಜೋಡಿಸುವುದನ್ನು ಮನೆಯಲ್ಲೇ ಕಲಿಯುವ ಬಗೆ

ಹೈಸ್ಕೂಲಿನಲ್ಲಿದ್ದಾಗ ನಮ್ಮೂರ ಜಾತ್ರೆಯ ಚಿತ್ರ ಬಿಡಿಸಿದ್ದೆ. ತೇರು, ತೇರಿನ ಹಗ್ಗ, ಹಗ್ಗ ಎಳೆಯುವ ಜನ, ಬೆಂಡು ಬತ್ತಾಸಿನ ಅಂಗಡಿ, ಬಳೆ ಅಂಗಡಿ, ತಿರುಗುವ ತೊಟ್ಟಿಲು, ಹಿಂದೆ ಗುಡ್ಡ, ಗುಡ್ಡದ ಮೇಲೆ ಸೂರ್ಯ. ಹಾಳೆಯಲ್ಲಿ ಒಂದಿಂಚು ಜಾಗವನ್ನೂ ಬಿಟ್ಟಿರಲಿಲ್ಲ. ಮೂರು ದಿನ ಕೂತು ಮಾಡಿದ್ದು. ಡ್ರಾಯಿಂಗ್ ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಇದರಲ್ಲಿ ನಾನು ಮೊದಲು ಎಲ್ಲಿ ನೋಡ್ಬೇಕಪ್ಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲವೂ ಚೆನ್ನಾಗಿಯೇ ಬಂದಿದ್ದವು. ಆದರೆ ತೇರಿಗೆ ಎಷ್ಟು ಜಾಗ, ಎಷ್ಟು ಬಣ್ಣ, ಎಷ್ಟು ಗೆರೆ ಸಿಕ್ಕಿತ್ತೋ ಬಳೆ ಅಂಗಡಿಗೂ ಅಷ್ಟೇ ಸಿಕ್ಕಿತ್ತು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ ಅಲ್ವಾ, ಹಾಗಾಗಿತ್ತು.

ಚಿತ್ರಕಲೆಯಲ್ಲಿ ಸಂಯೋಜನೆ ಅಂತ ಕರೆಯುವುದು ಮೇಷ್ಟ್ರ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವನ್ನು. ನೋಡುವವರ ಕಣ್ಣು ಮೊದಲು ಎಲ್ಲಿ ಇಳಿಯಬೇಕು? ಅಲ್ಲಿಂದ ಎಲ್ಲಿಗೆ ಹೋಗಬೇಕು? ಎಲ್ಲಿ ಸುಧಾರಿಸಿಕೊಳ್ಳಬೇಕು? ಇದಕ್ಕೆ ಹುಟ್ಟುಪ್ರತಿಭೆ ಬೇಕಿಲ್ಲ. ಅಭ್ಯಾಸದಿಂದ ಬರುತ್ತದೆ. ಕೈ ಪಳಗುವುದಕ್ಕಿಂತ ಬೇಗ ಕಣ್ಣು ಪಳಗುತ್ತದೆ ಅನ್ನುವುದು ನನ್ನ ಅನುಭವ.

ಬೇಕಾದ ಸಾಮಾನು ಇಷ್ಟೇ: ಒಂದು ಹಳೆಯ ಲಗ್ನಪತ್ರಿಕೆ, ಕತ್ತರಿ, 2ಬಿ ಮತ್ತು 6ಬಿ ಪೆನ್ಸಿಲ್, ಕೆಲವು ಎ4 ಹಾಳೆ. ಬಣ್ಣದ ಡಬ್ಬಿಯನ್ನು ಒಂದು ವಾರ ಅಲಮಾರಿಯಲ್ಲೇ ಇಡಿ. ದಯವಿಟ್ಟು ಇದೊಂದು ಮಾತು ಕೇಳಿ. ಬಣ್ಣ ಕೈಗೆ ಸಿಕ್ಕಿತು ಅಂದರೆ ಜೋಡಣೆಯ ತಪ್ಪು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ.

1. ಒಂದು ಕಿಂಡಿ ಮಾಡಿಕೊಳ್ಳಿ

ಲಗ್ನಪತ್ರಿಕೆಯ ದಪ್ಪ ಹಾಳೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅದರ ನಡುವೆ 6 ಸೆಂ.ಮೀ. ಅಗಲ, 8.5 ಸೆಂ.ಮೀ. ಉದ್ದದ ಕಿಂಡಿ ಕತ್ತರಿಸಿ. ಈ ಅಳತೆಗೆ ಕಾರಣ ಇದೆ. ಎ4 ಹಾಳೆ 21 ಸೆಂ.ಮೀ.ಗೆ 29.7 ಸೆಂ.ಮೀ. ಇರುತ್ತದೆ. ಕಿಂಡಿಯ ಉದ್ದ ಅಗಲವೂ ಸುಮಾರು ಅದೇ ಲೆಕ್ಕದಲ್ಲಿರಬೇಕು. ಇಲ್ಲದಿದ್ದರೆ ಕಿಂಡಿಯಲ್ಲಿ ಚೆಂದ ಕಂಡಿದ್ದು ಹಾಳೆಗೆ ಬರುವಾಗ ಹೊಂದುವುದಿಲ್ಲ, ಮೇಲೋ ಕೆಳಗೋ ಜಾಗ ಉಳಿದುಬಿಡುತ್ತದೆ.

ಈಗ ಒಂದು ಕಣ್ಣು ಮುಚ್ಚಿ, ಕಿಂಡಿಯಿಂದ ಬಾಲ್ಕನಿಯ ಆಚೆಯೋ ಹಿತ್ತಲನ್ನೋ ನೋಡಿ. ಮುಖದ ಹತ್ತಿರ ತಂದರೆ ಜಾಸ್ತಿ ಕಾಣುತ್ತದೆ, ಕೈ ಚಾಚಿದರೆ ಕಡಿಮೆ ಕಾಣುತ್ತದೆ. ಅಡ್ಡ ಹಿಡಿದು ನೋಡಿ, ಉದ್ದ ಹಿಡಿದು ನೋಡಿ. ಅದೇ ತೆಂಗಿನಮರ ಉದ್ದ ಹಿಡಿದಾಗ ಎತ್ತರವಾಗಿ ಒಂಟಿಯಾಗಿ ನಿಲ್ಲುತ್ತದೆ. ಅಡ್ಡ ಹಿಡಿದಾಗ ಪಕ್ಕದ ಮನೆಯ ಸಿಂಟೆಕ್ಸ್, ಬಟ್ಟೆ ಒಣಗಿಸುವ ಹಗ್ಗ ಎಲ್ಲ ಬಂದು ಸೇರಿಕೊಂಡು ಕಥೆಯೇ ಬೇರೆ ಆಗುತ್ತದೆ. ಏನನ್ನು ಒಳಗೆ ಬಿಡಬೇಕು, ಏನನ್ನು ಹೊರಗೆ ನಿಲ್ಲಿಸಬೇಕು ಅನ್ನುವ ತೀರ್ಮಾನ ಇಲ್ಲೇ ಶುರುವಾಗುತ್ತದೆ.

ಫೋನ್ ಕ್ಯಾಮೆರಾದಲ್ಲೂ ಇದನ್ನು ಮಾಡಬಹುದಲ್ಲ ಅಂತ ನೀವು ಕೇಳಬಹುದು. ಮಾಡಬಹುದು. ಆದರೆ ಫೋನ್ ಎತ್ತಿದ ಕೂಡಲೇ ಬೆರಳು ಬಟನ್ ಒತ್ತಿಬಿಡುತ್ತದೆ. ಫೋಟೋ ಸಿಕ್ಕಿತು, ಕೆಲಸ ಮುಗಿಯಿತು ಅನ್ನಿಸುತ್ತದೆ. ರಟ್ಟಿನ ಕಿಂಡಿ ಏನನ್ನೂ ಉಳಿಸಿ ಕೊಡುವುದಿಲ್ಲ. ಅದಕ್ಕೇ ನೀವು ನೋಡುತ್ತಲೇ ಇರಬೇಕಾಗುತ್ತದೆ. ಮೊದಲ ದಿನ ಪೆನ್ಸಿಲ್ ಮುಟ್ಟದೆ ಅರ್ಧ ಗಂಟೆ ಬರೀ ನೋಡಿ.

2. ಚೊಂಬು, ಬಾಳೆಹಣ್ಣು, ನಿಂಬೆಹಣ್ಣು

ಎರಡನೇ ದಿನ ಅಡುಗೆಮನೆಗೆ ಬನ್ನಿ. ಒಂದು ಹಿತ್ತಾಳೆ ಚೊಂಬು, ಜೊತೆಗೇ ಇರುವ ಎರಡು ಏಲಕ್ಕಿ ಬಾಳೆಹಣ್ಣು, ಒಂದು ನಿಂಬೆಹಣ್ಣು ತೆಗೆದುಕೊಳ್ಳಿ. ಕಿಟಕಿ ಪಕ್ಕದ ಕಟ್ಟೆಯ ಮೇಲೆ ಇಡಿ. ಟ್ಯೂಬ್‌ಲೈಟ್ ಆರಿಸಿ. ಬೆಳಕು ಒಂದೇ ಕಡೆಯಿಂದ ಬರಬೇಕು, ಸಂಜೆ ನಾಲ್ಕರ ಬೆಳಕಾದರೆ ಇನ್ನೂ ಒಳ್ಳೆಯದು.

ಸಾಮಾನ್ಯವಾಗಿ ಎಲ್ಲರೂ ಮೂರನ್ನೂ ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ಇಡುತ್ತಾರೆ. ಗ್ರೂಪ್ ಫೋಟೋಗೆ ನಿಂತ ಹಾಗೆ. ಕಿಂಡಿಯಿಂದ ನೋಡಿ. ಕಣ್ಣು ಚೊಂಬು, ಹಣ್ಣು, ನಿಂಬೆ ಅಂತ ಹಾಜರಿ ತೆಗೆದುಕೊಂಡು ಆಚೆ ಹೋಗಿಬಿಡುತ್ತದೆ. ತಿರುಗಿ ಬರಲು ಅದಕ್ಕೆ ಕಾರಣವೇ ಇಲ್ಲ.

ಈಗ ಬಾಳೆಹಣ್ಣನ್ನು ಮುಂದಕ್ಕೆ ತಂದು ಚೊಂಬಿನ ತಳ ಸ್ವಲ್ಪ ಮರೆಯಾಗುವ ಹಾಗೆ ಇಡಿ. ನೋಡಿ, ತಕ್ಷಣ ಒಂದು ಮುಂದೆ, ಒಂದು ಹಿಂದೆ ಅನ್ನುವುದು ಹುಟ್ಟಿತು. ಒಂದು ಗೆರೆಯನ್ನೂ ಎಳೆಯದೆ ಆಳ ಬಂತು. ನಿಂಬೆಹಣ್ಣನ್ನು ಇವೆರಡರಿಂದ ಸ್ವಲ್ಪ ದೂರ ಸರಿಸಿ. ಈಗ ಎರಡು ಒಂದು ಗುಂಪು, ಒಂದು ಒಂಟಿ. ಕಣ್ಣು ಗುಂಪಿನಿಂದ ಒಂಟಿಗೆ ಹೋಗಿ, ಮತ್ತೆ ಗುಂಪಿಗೆ ಬರುತ್ತದೆ. ಬಾಳೆಹಣ್ಣಿನ ಬಾಗು ನಿಂಬೆಯ ಕಡೆಗೆ ತಿರುಗಿದ್ದರೆ ದಾರಿ ತೋರಿಸಿದ ಹಾಗೂ ಆಗುತ್ತದೆ. ಅದನ್ನೇ ಹೊರಗಡೆಗೆ ತಿರುಗಿಸಿ ನೋಡಿ. ಕಣ್ಣು ಜಾರಿ ಹಾಳೆಯಿಂದ ಆಚೆ ಬೀಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ನಿಂಬೆಹಣ್ಣಿನ ಅಂಚು ಚೊಂಬಿನ ಅಂಚಿಗೆ ಸುಮ್ನೆ ತಾಗಿದ ಹಾಗೆ ಕಾಣಬಾರದು. ಹಾಗೆ ಕಂಡರೆ ಎರಡೂ ಅಂಟಿಕೊಂಡ ಹಾಗಿರುತ್ತವೆ. ಯಾವುದು ಮುಂದೆ, ಯಾವುದು ಹಿಂದೆ ಗೊತ್ತಾಗುವುದಿಲ್ಲ. ಒಂದೋ ಒಂದರ ಮೇಲೊಂದು ಬರಲಿ, ಇಲ್ಲವೇ ನಡುವೆ ಸ್ಪಷ್ಟವಾಗಿ ಜಾಗ ಇರಲಿ. ಗುಡ್ಡದ ತುದಿಗೆ ಸರಿಯಾಗಿ ಮುಗಿಯುವ ಮರ, ಮನುಷ್ಯರ ತಲೆಯ ಮೇಲೆ ಕೊಂಬಿನ ಹಾಗೆ ನಿಂತ ಕರೆಂಟ್ ಕಂಬ, ಇವೆಲ್ಲ ಇದೇ ಜಾತಿಯ ತಪ್ಪುಗಳು. ಒಮ್ಮೆ ಗುರುತಿಸಲು ಕಲಿತರೆ ಆಮೇಲೆ ಎಲ್ಲ ಕಡೆಯೂ ಕಾಣತೊಡಗುತ್ತವೆ.

ಮೂರು ವಸ್ತುವಿಗೆ ಮಾಡಿದ್ದನ್ನೇ ಹನ್ನೊಂದು ಜನಕ್ಕೆ ಮಾಡಿದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ರಾಜಾ ರವಿವರ್ಮ 1889ರಲ್ಲಿ ಬರೆದ, ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ ಸಂಗೀತಗಾರ್ತಿಯರ ಚಿತ್ರವನ್ನು ನೋಡಿ. ಬೇರೆ ಬೇರೆ ಪ್ರಾಂತ್ಯದ ಉಡುಗೆ ತೊಟ್ಟ ಹನ್ನೊಂದು ಹೆಂಗಸರು. ಕೆಲವರು ಕೂತಿದ್ದಾರೆ, ಕೆಲವರು ನಿಂತಿದ್ದಾರೆ. ಒಬ್ಬರ ಭುಜ ಇನ್ನೊಬ್ಬರನ್ನು ಮರೆ ಮಾಡುತ್ತದೆ. ತಲೆಯಿಂದ ತಲೆಗೆ ಬೆರಳಲ್ಲೇ ಗೆರೆ ಎಳೆದು ನೋಡಿ. ಏರುತ್ತದೆ, ಇಳಿಯುತ್ತದೆ. ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರೆ ಅದು ಶಾಲಾ ವಾರ್ಷಿಕೋತ್ಸವದ ಫೋಟೋ ಆಗುತ್ತಿತ್ತು.

3. ಕಣ್ಣು ಕಿರಿದು ಮಾಡಿ

ಇಡೀ ಲೇಖನದಲ್ಲಿ ಒಂದೇ ಒಂದು ಹಂತವನ್ನು ನೀವು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಜೋಡಿಸಿದ ವಸ್ತುಗಳ ಮುಂದೆ ಕೂತು ಕಣ್ಣನ್ನು ಅರ್ಧಕ್ಕಿಂತ ಜಾಸ್ತಿ ಮುಚ್ಚಿ. ರೆಪ್ಪೆಗಳ ನಡುವಿನ ಸಂದಿಯಿಂದ ನೋಡಿ. ಸಣ್ಣಪುಟ್ಟ ವಿವರ ಎಲ್ಲ ಕರಗುತ್ತವೆ. ಬಾಳೆಹಣ್ಣಿನ ಮೇಲಿನ ಚುಕ್ಕೆ ಇಲ್ಲ, ಚೊಂಬಿನ ಮೇಲಿನ ಗೀರು ಇಲ್ಲ. ಉಳಿಯುವುದು ಕೆಲವು ಕಪ್ಪು ತುಂಡು, ಕೆಲವು ಬಿಳಿ ತುಂಡು, ನಡುವಿನ ಬೂದು.

ಈಗ ಹಾಳೆಯ ಮೇಲೆ ಬೆಂಕಿಪೊಟ್ಟಣದ ಅಳತೆಯ ಆರು ಚೌಕಟ್ಟು ಹಾಕಿಕೊಳ್ಳಿ. ಒಂದೊಂದರಲ್ಲೂ ಅದೇ ಜೋಡಣೆಯನ್ನು ಬರೆಯಿರಿ. ಒಂದಕ್ಕೆ ಎರಡೇ ನಿಮಿಷ. ಅಂಚಿನ ಗೆರೆ ಎಳೆಯಬೇಡಿ. ಮೂರೇ ಛಾಯೆ ಬಳಸಿ: ಹಾಳೆಯ ಬಿಳಿ, 2ಬಿ ಪೆನ್ಸಿಲ್‌ನ ಬೂದು, 6ಬಿ ಒತ್ತಿ ತಿಕ್ಕಿದ ಕಪ್ಪು. ಇವುಗಳ ನಡುವಿನ ಛಾಯೆ ಬಂದರೆ ಈ ಮೂರರಲ್ಲಿ ಒಂದರ ಕಡೆಗೆ ತಳ್ಳಿ.

ಮೊದಲ ಎರಡು ಚೌಕಟ್ಟಿನಲ್ಲಿ ನೀವು ಚೊಂಬು ಬರೆಯುತ್ತೀರಿ. ಮೂರನೆಯದರ ಹೊತ್ತಿಗೆ ಬೇರೇನೋ ಕಾಣಲು ಶುರುವಾಗುತ್ತದೆ. ಚೊಂಬಿನ ನೆರಳಿರುವ ಬದಿ, ಅದು ಕಟ್ಟೆಯ ಮೇಲೆ ಚೆಲ್ಲಿದ ನೆರಳು, ಈ ಎರಡರ ನಡುವೆ ಗೆರೆಯೇ ಇಲ್ಲ. ಎರಡೂ ಸೇರಿ ಒಂದೇ ಕಪ್ಪು ಆಕಾರ. ಸೇರಲಿ, ಬಿಡಿ. ಚೊಂಬು ಇಲ್ಲಿಗೆ ಮುಗಿಯಿತು ಅಂತ ಗೊತ್ತಿರುವುದಕ್ಕೆ ಅಲ್ಲಿ ಗೆರೆ ಎಳೆಯುವುದು ಬೇಡ. ಇನ್ನೊಂದು ಬದಿಯಲ್ಲಿ, ಚೊಂಬಿನ ಹೊಟ್ಟೆಯ ಮೇಲೆ, ಕಿಟಕಿಯ ಆಕಾರದ್ದೇ ಒಂದು ಸಣ್ಣ ಹೊಳಪು. ಉಗುರಿನಷ್ಟು ಇರಬಹುದು. ಅದರ ಪಕ್ಕದಲ್ಲೇ ಹಿತ್ತಾಳೆ ತೀರಾ ಗಾಢವಾಗಿದೆ. ನಿಮ್ಮ ಕಣ್ಣು ಪದೇ ಪದೇ ಅಲ್ಲಿಗೇ ಹೋಗುತ್ತದೆ. ಕಾರಣ ಸುಲಭ. ತೀರಾ ಬಿಳಿ ತೀರಾ ಕಪ್ಪನ್ನು ಭೇಟಿಯಾಗುವ ಜಾಗಕ್ಕೆ ಕಣ್ಣು ಓಡುತ್ತದೆ. ಹಾಗಾಗಿ ಚಿತ್ರದಲ್ಲಿ ಯಾವುದು ಮುಖ್ಯವೋ ಅಲ್ಲಿ ಮಾತ್ರ ಇಂಥ ಭೇಟಿ ಇಡಬೇಕು. ಉಳಿದ ಕಡೆ ಬೂದು ಬೂದಿನ ಪಕ್ಕ ಮೆತ್ತಗೆ ಕೂರಲಿ.

ಇದನ್ನು ಕಣ್ಣಾರೆ ನೋಡಲು ಮತ್ತೆ ಜಗನ್ಮೋಹನ ಅರಮನೆಗೇ ಹೋಗಬೇಕು. ದೀಪ ಹಿಡಿದ ಹೆಣ್ಣಿನ ಆ ಪ್ರಸಿದ್ಧ ಚಿತ್ರ. ಎಷ್ಟೋ ಜನ ಅದನ್ನು ರವಿವರ್ಮನದ್ದು ಅಂದುಕೊಂಡಿದ್ದಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್, 1945-46ರ ಸುಮಾರಿಗೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಚಿತ್ರಕ್ಕೆ ನಿಂತಿದ್ದು ಕಲಾವಿದರ ಮಗಳೇ.

ಆಕೆ ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಅಡ್ಡ ಹಿಡಿದಿದ್ದಾಳೆ. ಬೆರಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋರುತ್ತದೆ. ಅಲ್ಲಿಂದ ಮೇಲಕ್ಕೆ ಹೋಗಿ ಮುಖವನ್ನು ಕೆಳಗಿನಿಂದ ಬೆಳಗುತ್ತದೆ. ಹಿಂದಿನ ಗೋಡೆಯ ಮೇಲೆ ಅವಳ ನೆರಳಿದೆ. ಚಿತ್ರದ ಮುಂದೆ ನಿಂತು ಕಣ್ಣು ಕಿರಿದು ಮಾಡಿ. ಸೀರೆಯ ಮಡಿಕೆಗಳೆಲ್ಲ ಹೋಗಿ ಕೈ ಮತ್ತು ಮುಖ ಉಳಿಯುತ್ತವೆ. ಕಣ್ಣು ಕೈಗೆ ಇಳಿದು, ಮುಖಕ್ಕೆ ಏರಿ, ಮತ್ತೆ ಕೈಗೆ ಬರುತ್ತದೆ.

ಇದು ಜಲವರ್ಣದಲ್ಲಿ ಮಾಡಿದ್ದು ಅನ್ನುವುದನ್ನು ಗಮನಿಸಿ. ಪಾರದರ್ಶಕ ಜಲವರ್ಣದಲ್ಲಿ ಹೊಳಪು ಬರುವುದು ಕಾಗದದ ಬಿಳುಪಿನಿಂದ. ಗಾಢ ಬಣ್ಣ ಒಮ್ಮೆ ಬಿತ್ತು ಅಂದರೆ ಆ ಬಿಳುಪನ್ನು ಪೂರ್ತಿ ವಾಪಸ್ ತರುವುದು ಕಷ್ಟ. ಅಂದರೆ ಬೆಳಕು ಎಲ್ಲಿರಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು. ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕೆಚ್‌ನಲ್ಲಿ ನಾವು ಮಾಡುತ್ತಿರುವುದು ಅದೇ ತೀರ್ಮಾನವನ್ನು.

4. ನಡುವೆ ಇಡಬೇಕೋ, ಪಕ್ಕಕ್ಕೋ?

ಫೋನ್ ಕ್ಯಾಮೆರಾದಲ್ಲಿ ಗ್ರಿಡ್ ಹಾಕಿದರೆ ಎರಡು ಅಡ್ಡ, ಎರಡು ಉದ್ದ ಗೆರೆ ಬರುತ್ತವೆ. ಅವು ಸೇರುವ ನಾಲ್ಕು ಬಿಂದುಗಳಲ್ಲಿ ಒಂದರ ಹತ್ತಿರ ಮುಖ್ಯ ವಸ್ತು ಇಡಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮೂರನೇ ಒಂದು ಭಾಗದ ಈ ನಿಯಮಕ್ಕೆ ಹೆಸರಿಟ್ಟು ಬರೆದವರು ಇಂಗ್ಲೆಂಡಿನ ಕಲಾವಿದ ಜಾನ್ ಥಾಮಸ್ ಸ್ಮಿತ್, 1797ರಲ್ಲಿ. ಆತ ಒತ್ತಿ ಹೇಳಿದ್ದು ಅಳತೆಗಳ ಬಗ್ಗೆ: ಆಕಾಶ ಮತ್ತು ನೆಲ, ಬೆಳಕು ಮತ್ತು ನೆರಳು ಅರ್ಧರ್ಧ ಆಗದಿರಲಿ, ಒಂದು ಜಾಸ್ತಿ ಒಂದು ಕಡಿಮೆ ಇರಲಿ ಅಂತ. ನನಗೆ ಈ ರೂಪದಲ್ಲೇ ಅದು ಹೆಚ್ಚು ಉಪಯೋಗಕ್ಕೆ ಬಂದಿದೆ. ನಾಲ್ಕು ಬಿಂದು ಮರೆತರೂ ಪರವಾಗಿಲ್ಲ. ಈ ಚಿತ್ರ ಆಕಾಶದ್ದೋ, ನೆಲದ್ದೋ ಅಂತ ಕೇಳಿಕೊಳ್ಳಿ. ಯಾವುದರದ್ದೋ ಅದಕ್ಕೆ ಹೆಚ್ಚು ಜಾಗ ಕೊಡಿ.

ಹಾಗಂತ ನಡುವೆ ಇಡುವುದು ತಪ್ಪು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರು ಸಾಮಾನ್ಯವಾಗಿ ನಡುವೆಯೇ ಕೂರುವುದು. ಅದರ ಮುಂದೆ ನಿಂತವರು ಕೈ ಮುಗಿಯುತ್ತಾರೆ, ನೇರ ಎದುರಿಗೆ ನಿಲ್ಲುತ್ತಾರೆ. ಅಲ್ಲಿ ಕಣ್ಣು ಅಲೆದಾಡುವುದು ಬೇಡ, ನೆಲೆ ನಿಲ್ಲಬೇಕು. ಬಾಗಿಲ ಮುಂದಿನ ಚುಕ್ಕಿ ರಂಗೋಲಿಯೂ ಹಾಗೇ. ಬೀದಿಯ ಯಾವ ಕಡೆಯಿಂದ ಬಂದವರಿಗೂ ಅದು ಒಂದೇ ಥರ ಕಾಣಬೇಕು. ಎರಡೂ ಬದಿ ಸಮ ಇದ್ದರೆ ಶಾಂತಿ, ಗಾಂಭೀರ್ಯ. ಸಮ ಇಲ್ಲದಿದ್ದರೆ ಚಲನೆ. ನಿಮಗೆ ಯಾವುದು ಬೇಕು ಅನ್ನುವುದು ಮೊದಲು ಗೊತ್ತಿರಲಿ.

ಪಕ್ಕಕ್ಕೆ ಇಟ್ಟಾಗ ತೂಕ ಸರಿಹೋಗುವುದು ಹೇಗೆ? ಜಾತ್ರೆಯಲ್ಲಿ ಮಕ್ಕಳು ಆಡುವ ಏರುಪೇರು ಹಲಗೆ ನೆನಪಿಸಿಕೊಳ್ಳಿ. ದೊಡ್ಡವನು ನಡುವಿನ ಹತ್ತಿರ ಕೂತರೆ, ಸಣ್ಣವನು ತುದಿಯಲ್ಲಿ ಕೂತು ಅವನನ್ನು ಎತ್ತುತ್ತಾನೆ. ನಮ್ಮ ಚೊಂಬು ನಡುವಿಗೆ ಹತ್ತಿರ, ಎಡಕ್ಕೆ ಸ್ವಲ್ಪ ಸರಿದು ಇದೆ. ನಿಂಬೆಹಣ್ಣು ಚಿಕ್ಕದು, ಆದರೆ ಬಲಕ್ಕೆ ದೂರದಲ್ಲಿದೆ. ಅಲ್ಲಿಗೆ ಸರಿಹೋಯಿತು. ಹೆಬ್ಬೆರಳಿನಿಂದ ನಿಂಬೆಹಣ್ಣನ್ನು ಮುಚ್ಚಿ ನೋಡಿ. ಚಿತ್ರ ಎಡಕ್ಕೆ ವಾಲುತ್ತದೆ. ಇಲ್ಲಿ ತೂಕ ಅಂದರೆ ಗಾತ್ರ ಒಂದೇ ಅಲ್ಲ. ಗಾಢ ಬಣ್ಣ ಭಾರ, ಕೆಂಪು ಭಾರ, ಅಂಚಿನ ಹತ್ತಿರ ಇರುವುದು ಭಾರ. ಎಲ್ಲಕ್ಕಿಂತ ಭಾರ ಮನುಷ್ಯನ ಮುಖ. ಎಷ್ಟೇ ಚಿಕ್ಕದಿರಲಿ, ಮುಖ ಇದ್ದರೆ ನಾವು ಮೊದಲು ಅದನ್ನೇ ನೋಡುತ್ತೇವೆ.

5. ಖಾಲಿ ಜಾಗವನ್ನು ಬರೆಯಿರಿ

ಹೊಸ ಚೌಕಟ್ಟು ಹಾಕಿಕೊಳ್ಳಿ. ಈ ಸಲ ಚೊಂಬು, ಹಣ್ಣು ಯಾವುದನ್ನೂ ಬರೆಯಬೇಡಿ. ಅವುಗಳ ನಡುವಿನ, ಸುತ್ತಲಿನ ಖಾಲಿ ಜಾಗವನ್ನಷ್ಟೇ ಪೆನ್ಸಿಲ್‌ನಿಂದ ತುಂಬಿ. ಬಾಳೆಹಣ್ಣಿನ ಬಾಗಿಗೂ ಕಟ್ಟೆಗೂ ನಡುವೆ ಒಂದು ಸಣ್ಣ ದೋಣಿಯಾಕಾರ ಸಿಗುತ್ತದೆ. ಚೊಂಬಿನ ಕುತ್ತಿಗೆಯ ಪಕ್ಕ ಒಂದು ಕೊಕ್ಕೆಯಾಕಾರ. ತುಂಬಿ ಮುಗಿಸಿದಾಗ ವಸ್ತುಗಳು ಬಿಳಿಯಾಗಿ, ತಾವಾಗಿಯೇ ಎದ್ದು ಬಂದಿರುತ್ತವೆ. ಖಾಲಿ ಜಾಗಕ್ಕೂ ಆಕಾರ ಇದೆ, ಅದನ್ನೂ ನಾವೇ ಬರೆಯುತ್ತೇವೆ ಅನ್ನುವುದು ಕೈಗೆ ತಿಳಿಯುವುದು ಹೀಗೆ.

ಜಪಾನಿನ ಹೊಕುಸಾಯ್ ಸುಮಾರು 1831ರಲ್ಲಿ ಮಾಡಿದ ದೊಡ್ಡ ಅಲೆಯ ಮರದಚ್ಚಿನ ಚಿತ್ರವನ್ನು ನೀವು ಟೀಶರ್ಟ್ ಮೇಲಾದರೂ ನೋಡಿರುತ್ತೀರಿ. ಮೂಲ ಚಿತ್ರ ಎ4 ಹಾಳೆಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಎಡಗಡೆ ಅಲೆ ಎದ್ದು ಉಗುರು ಚಾಚಿದೆ. ಕೆಳಗೆ ಮೂರು ದೋಣಿ. ಅಲೆ ಬಾಗಿ ಮಾಡಿದ ಖಾಲಿ ಬಟ್ಟಲಿನ ತಳದಲ್ಲಿ ಫ್ಯೂಜಿ ಪರ್ವತ, ಪುಟ್ಟದು. ಜಪಾನಿನ ಅತಿ ಎತ್ತರದ ಬೆಟ್ಟವನ್ನು ಆತ ಅಷ್ಟು ಸಣ್ಣದು ಮಾಡಿಯೂ ನಾವು ಅದನ್ನು ಕಾಣದೆ ಹೋಗುವುದಿಲ್ಲ, ಯಾಕೆಂದರೆ ಇಡೀ ಆಕಾಶದ ಖಾಲಿ ಜಾಗ ಅದರ ಕಡೆಗೇ ಇಳಿಯುತ್ತದೆ. ಮುಂದಿರುವ ಸಣ್ಣ ಅಲೆಯನ್ನೂ ನೋಡಿ. ಅದೂ ಫ್ಯೂಜಿಯ ಆಕಾರದಲ್ಲೇ ಇದೆ. ಒಂದು ಆಕಾರ ಎರಡು ಕಡೆ ಬಂದರೆ ಕಣ್ಣು ಅವೆರಡರ ನಡುವೆ ಓಡಾಡುತ್ತದೆ.

ಹಾಗಾದರೆ ಬೇಲೂರು? ಅಲ್ಲಿ ಬೆರಳಿಡಲೂ ಖಾಲಿ ಜಾಗ ಇಲ್ಲವಲ್ಲ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ನನ್ನನ್ನೂ ಬಹಳ ದಿನ ಕಾಡಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಗೋಡೆಯ ತಳದಲ್ಲಿ ಆನೆಗಳ ಸಾಲಿದೆ. ಒಂದರ ಹಿಂದೆ ಒಂದು, ಸುತ್ತಲೂ. ಹತ್ತಿರ ಹೋದರೆ ಪ್ರತಿ ಆನೆಯೂ ಬೇರೆ. ದೂರದಿಂದ ನೋಡಿದರೆ ಅದು ಒಂದು ಪಟ್ಟಿ, ಅಷ್ಟೇ. ಒಂದೇ ಥರದ್ದು ಮತ್ತೆ ಮತ್ತೆ ಬಂದಾಗ ಅದು ಗದ್ದಲವಾಗದೆ ಲಯವಾಗುತ್ತದೆ, ಕಣ್ಣಿಗೆ ಖಾಲಿ ಜಾಗದಷ್ಟೇ ನೆಮ್ಮದಿ ಕೊಡುತ್ತದೆ. ಮೇಲೆ ಸೂರಿನಡಿಯ ಮದನಿಕೆಯರು ಈ ಅಡ್ಡ ಸಾಲುಗಳಲ್ಲಿ ಸೇರಿಲ್ಲ. ಅವರು ಓರೆಯಾಗಿ, ಮುಂದಕ್ಕೆ ಬಾಗಿ, ಸೂರಿನ ನೆರಳನ್ನು ಬೆನ್ನಿಗಿಟ್ಟುಕೊಂಡು ನಿಂತಿದ್ದಾರೆ. ಅಷ್ಟು ತುಂಬಿದ ಗೋಡೆಯಲ್ಲೂ ಅವರೇ ಮೊದಲು ಕಾಣುತ್ತಾರೆ. ನನ್ನ ಜಾತ್ರೆಯ ಚಿತ್ರದಲ್ಲಿ ಜನರನ್ನು ಹೀಗೆ ಒಂದು ಪಟ್ಟಿಯ ಹಾಗೆ ಮಾಡಿದ್ದಿದ್ದರೆ ತೇರು ಎದ್ದು ನಿಲ್ಲುತ್ತಿತ್ತು.

6. ಈಗ ಬಣ್ಣ

ಆರು ಸಣ್ಣ ಸ್ಕೆಚ್‌ಗಳಲ್ಲಿ ನಿಮಗೆ ಇಷ್ಟವಾದ ಒಂದನ್ನು ದೊಡ್ಡದು ಮಾಡಿ. ಈಗ ಬಣ್ಣದ ಡಬ್ಬಿ ತೆಗೆಯಬಹುದು.

ಬಣ್ಣದ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ದಾರದ ಬಣ್ಣ ಮಂಕಾಗಿದೆ ಅಂತ ದೂರು ಬಂತು. ಅಲ್ಲಿನ ರಸಾಯನಶಾಸ್ತ್ರಜ್ಞ ಶೆವ್ರೂಲ್ ಪರೀಕ್ಷೆ ಮಾಡಿ ನೋಡಿದರು. ಕಪ್ಪು ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಯಿಂದಾಗಿ ಅದು ಮಂಕಾಗಿ ಕಾಣುತ್ತಿತ್ತು. ಒಂದು ಬಣ್ಣ ಹೇಗೆ ಕಾಣುತ್ತದೆ ಅನ್ನುವುದು ಅದರ ನೆರೆಹೊರೆಯ ಕೈಯಲ್ಲಿದೆ ಅಂತ ಅವರು 1839ರಲ್ಲಿ ವಿವರವಾಗಿ ಪ್ರಕಟಿಸಿದರು. ತರಕಾರಿ ಮಾರುವವರಿಗೆ ಇದು ಮೊದಲಿಂದಲೂ ಗೊತ್ತು. ಟೊಮೆಟೊ ರಾಶಿಯ ಪಕ್ಕ ಕೊತ್ತಂಬರಿ ಕಟ್ಟು ಇಟ್ಟರೆ ಎರಡೂ ತಾಜಾ ಕಾಣುತ್ತವೆ. ನಿಮ್ಮ ನಿಂಬೆಹಣ್ಣು ಮಂಕಾಗಿದೆ ಅನ್ನಿಸಿದರೆ ಇನ್ನಷ್ಟು ಹಳದಿ ಮೆತ್ತಬೇಡಿ. ಅದರ ಪಕ್ಕದ ನೆರಳಿಗೆ ಸ್ವಲ್ಪ ನೇರಳೆ ಬೆರೆಸಿ ನೋಡಿ.

7. ಮುಗಿಸುವ ಮೊದಲು

ಚಿತ್ರವನ್ನು ತಲೆಕೆಳಗು ಮಾಡಿ ಗೋಡೆಗೆ ಒರಗಿಸಿ. ಚೊಂಬು ಚೊಂಬಾಗಿ ಕಾಣುವುದು ನಿಂತು ಬರೀ ಆಕಾರಗಳು ಕಾಣುತ್ತವೆ, ಎಲ್ಲಿ ತೂಕ ತಪ್ಪಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಆಮೇಲೆ ಸರಿಯಾಗಿ ಇಟ್ಟು ಕನ್ನಡಿಯಲ್ಲಿ ನೋಡಿ. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ನಾಲ್ಕು ಮೂಲೆಗಳನ್ನೂ ನೋಡಿ: ಅಲ್ಲಿ ಚೂಪಾದ ಗೆರೆಯೋ ಗಾಢ ಕಲೆಯೋ ಇದ್ದರೆ ಕಣ್ಣನ್ನು ಹೊರಗೆ ಎಳೆಯುತ್ತಿರುತ್ತದೆ, ಮೆತ್ತಗೆ ಮಾಡಿ. ಮನೆಯಲ್ಲಿ ಯಾರಾದರೂ ಇದ್ದರೆ ಕರೆದು ಚಿತ್ರವನ್ನು ಮೂರೇ ಸೆಕೆಂಡ್ ತೋರಿಸಿ ಮುಚ್ಚಿಬಿಡಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಮೊದಲು ಏನು ಕಾಣಿಸ್ತು ಅಂತ ಕೇಳಿ.

ಕೊನೆಗೆ ಸಹಿ. ಅದೂ ಚಿತ್ರದೊಳಗಿನ ಒಂದು ಗುರುತೇ, ಅದಕ್ಕೂ ತೂಕ ಇದೆ. ಹಿನ್ನೆಲೆಗಿಂತ ಸ್ವಲ್ಪ ಮಾತ್ರ ಗಾಢವಾದ ಬಣ್ಣದಲ್ಲಿ, ಚಿಕ್ಕದಾಗಿ, ಅಂಚಿಗೆ ತೀರಾ ಅಂಟದ ಹಾಗೆ ಹಾಕಿ. ನಮ್ಮ ಈ ಜೋಡಣೆಯಲ್ಲಾದರೆ ಕೆಳಗೆ ಎಡಗಡೆ, ಚೊಂಬಿನ ನೆರಳು ಮುಗಿಯುವ ಜಾಗದ ಕೆಳಗೆ ಹಾಕಬಹುದು. ಬಲಗಡೆ ನಿಂಬೆಹಣ್ಣು ಒಂಟಿಯಾಗಿಯೇ ಇರಲಿ.